ಬಿಲ್ಲೆಯಿಂದ ಆರಂಭಿಸೋಣ

ಆಲ್ಬರ್ಟ್ ಶ್ವೈಟ್ಜರ್ ಪಾಠವನ್ನು ಹೊಗಳಿಕೆಯಿಂದ ಆರಂಭಿಸಿದರೆ ಮಕ್ಕಳಿಗೆ ಯೋಚಿಸಲು ಏನೂ ಉಳಿಯದು. ದಿನಚರಿಯಿಂದ ಆರಂಭಿಸಿ.

ಕಲಿಕಾಂಶ: 1913ರಲ್ಲಿ ಈ ವೈದ್ಯ ಮಿಷನರಿ, ಪತ್ನಿ ಹೆಲೆನ್ ಅವರೊಡನೆ ಆಫ್ರಿಕಾದ ಗಬೋನ್‌ಗೆ ಬಂದರು. ಲಂಬರೆನೆಯಲ್ಲಿ ಹಳೆಯ ಕೋಳಿಗೂಡೇ ಚಿಕಿತ್ಸಾ ಕೊಠಡಿಯಾಯಿತು. ಓಗೊವೆ ನದಿಯೇ ದಾರಿ. ರೋಗಿಗಳು ದೋಣಿಯಲ್ಲಿ ಬರುತ್ತಿದ್ದರು. ದುಭಾಷಿ ಜೋಸೆಫ್ ಮೊದಲು ಅಡುಗೆಯವರಾಗಿದ್ದವರು. ದೇಹದ ಭಾಗಗಳನ್ನು ಮಾಂಸದಡುಗೆಯ ಹೆಸರುಗಳಿಂದಲೇ ಹೇಳುತ್ತಿದ್ದರು. ಪ್ರತಿ ರೋಗಿಯ ಕೊರಳಿಗೆ ಸಂಖ್ಯೆಯುಳ್ಳ ರಟ್ಟಿನ ಬಿಲ್ಲೆ. ಅದೇ ಸಂಖ್ಯೆಯಡಿ ದಾಖಲೆ ಪುಸ್ತಕದಲ್ಲಿ ಕಾಯಿಲೆ, ಕೊಟ್ಟ ಔಷಧ.

ಚಟುವಟಿಕೆ: ಮಕ್ಕಳ ಕೈಗೆ ರಟ್ಟಿನ ಬಿಲ್ಲೆ ಕೊಟ್ಟು ಕೇಳಿ: ಇದು ಕಳೆದರೆ ಯಾರಿಗೆ ಏನು ತೊಂದರೆ? ಜೋಸೆಫ್ ಒಂದು ದಿನ ಬರದಿದ್ದರೆ?

ಮೌಲ್ಯಮಾಪನ: ‘ತ್ಯಾಗ’ ಎಂಬ ಪದ ಬಳಸದೆ ಆಸ್ಪತ್ರೆಯ ಒಂದು ದಿನವನ್ನು ಐದು ವಾಕ್ಯಗಳಲ್ಲಿ ಬರೆಯಿಸಿ. ದುಭಾಷಿ, ರೋಗಿ, ಅಂಬಿಗ ಯಾರೂ ಅದರಲ್ಲಿ ಕಾಣದಿದ್ದರೆ ಪಾಠವನ್ನು ಮತ್ತೊಮ್ಮೆ ಮಾಡಬೇಕು.