ನೊಂದವರಿಗೆ ನೆರವು

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಉಡುಪಿ ಜಿಲ್ಲೆಯ ಉತ್ತರ ಭಾಗದ ಜೀವನಾಡಿ. ಮೀನಿನ ಲಾರಿಗಳು, ಕೊಲ್ಲೂರಿನ ಯಾತ್ರಿಕರು, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ಈ ದಾರಿಯನ್ನೇ ನೆಚ್ಚಿದವರು. 2016ರ ಜೂನ್ 21ರ ಬೆಳಿಗ್ಗೆ ಕುಂದಾಪುರದ ಉತ್ತರಕ್ಕಿರುವ ತ್ರಾಸಿಯ ಬಳಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಪುಟ್ಟ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಯಿತು. ಎಂಟು ಮಕ್ಕಳು ಅಸುನೀಗಿದರು, ಹಲವರು ಗಾಯಗೊಂಡರು. ಶಾಲೆ ತೆರೆದು ಇನ್ನೂ ತಿಂಗಳು ತುಂಬಿರಲಿಲ್ಲ.

ಇಂತಹ ವೇಳೆಯಲ್ಲಿ ಮೊದಲು ಓಡಿಬರುವುದು ಸರ್ಕಾರವಲ್ಲ, ಹತ್ತಿರದಲ್ಲಿದ್ದ ಜನ. ಪೊಲೀಸು, ನ್ಯಾಯಾಲಯಗಳ ಅಲೆದಾಟಕ್ಕೆ ಅಂಜಿ ಗಾಯಾಳುವನ್ನು ಮುಟ್ಟಲು ಹಿಂಜರಿಯುವ ಸ್ಥಿತಿ ದೇಶದಲ್ಲಿ ಬಹುಕಾಲ ಇತ್ತು. ತ್ರಾಸಿಯ ದುರಂತಕ್ಕೆ ಮೂರು ತಿಂಗಳು ಮೊದಲಷ್ಟೇ, ಹೀಗೆ ನೆರವಾದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಸರ್ವೋಚ್ಚ ನ್ಯಾಯಾಲಯವು ಕಾನೂನಿನ ಬಲ ನೀಡಿತ್ತು. ಕರ್ನಾಟಕವು ಇದೇ ಉದ್ದೇಶಕ್ಕೆ ತನ್ನದೇ ಕಾಯಿದೆಯನ್ನು ರಚಿಸಿತು.

ಬಳಿಕ ಬರುವುದು ದಾನ. ಕರಾವಳಿಯ ಊರುಗಳಲ್ಲಿ ದೇವಾಲಯ, ಇಗರ್ಜಿ, ಮಸೀದಿ, ಯುವಕ ಮಂಡಲಗಳು ಹಣ ಕೂಡಿಸುವುದುಂಟು. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿಯುವ ಊರವರೂ ಕೈಲಾದುದನ್ನು ಕಳುಹಿಸುತ್ತಾರೆ. ಹನಿಗೂಡಿದರೆ ಹಳ್ಳ. ದಾನಕ್ಕೆ ಅರ್ಜಿ ಬೇಡ, ಮೊಹರು ಬೇಡ; ಆಸ್ಪತ್ರೆಯ ಮೊದಲ ದಿನದ ವೆಚ್ಚಕ್ಕೆ ಅದೇ ಒದಗುತ್ತದೆ. ಆದರೆ ಪತ್ರಿಕೆಗಳಲ್ಲಿ ಸುದ್ದಿ ಮಾಸಿದಂತೆ ಹಣದ ಹರಿವೂ ಬತ್ತುವುದು. ಎಲುಬು ಮುರಿದ ಮಗುವಿನ ಚಿಕಿತ್ಸೆಯಾದರೋ ವರುಷಗಟ್ಟಲೆ ನಡೆಯಬಹುದು. ಆದುದರಿಂದ ಸಂಗ್ರಹವಾದುದನ್ನೆಲ್ಲ ಒಂದೇ ದಿನ ಹಂಚಿಬಿಡದೆ, ಸಮಿತಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು, ಜಮಾ ಖರ್ಚಿನ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುವುದು ಲೇಸು. ನೊಂದವರನ್ನು ವೇದಿಕೆಗೆ ಕರೆದು ಛಾಯಾಚಿತ್ರ ತೆಗೆಸುವ ಪದ್ಧತಿಯಂತೂ ಅವರ ದುಃಖಕ್ಕೆ ಹಂಗಿನ ಭಾರವನ್ನು ಹೇರುತ್ತದೆ.

ಸರ್ಕಾರದ ಪರಿಹಾರ ನಿಧಿಗಳ ಕಥೆ ಬೇರೆಯೇನಲ್ಲ. ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದವರಿಗಾಗಿ 1948ರ ಜನವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಆಯವ್ಯಯದಿಂದ ಒಂದು ಕಾಸೂ ಸಲ್ಲುವುದಿಲ್ಲ. ಅದರಲ್ಲಿರುವುದೆಲ್ಲ ಜನರು ಕೊಟ್ಟ ಹಣ. ಈ ನಿಧಿಯಿಂದ ಎಷ್ಟು ಕೊಡಬೇಕೆಂಬುದು ಕೊಡುವವರ ವಿವೇಚನೆಗೆ ಬಿಟ್ಟುದು.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಕೊಡಿಸುವ ಮೊತ್ತ ಹಾಗಲ್ಲ, ಅದು ಹಕ್ಕು. ಅಲ್ಲಿ ಮೃತರ ಆದಾಯವನ್ನೂ ವಯಸ್ಸನ್ನೂ ಗಣಿಸಿ ಪರಿಹಾರವನ್ನು ನಿರ್ಧರಿಸುತ್ತಾರೆ. ಆದರೆ ಮಗುವಿಗೆ ಆದಾಯವೆಲ್ಲಿಯದು? 1994ರಲ್ಲಿ ಕಾಯಿದೆಗೆ ಸೇರಿದ ಅನುಸೂಚಿಯು ಸಂಪಾದನೆಯಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿಗಳ ಆದಾಯವನ್ನು ಕಲ್ಪಿಸಿಕೊಂಡಿತು. ಬೆಲೆಗಳು ಏರಿದರೂ ಆ ಅಂಕಿ ವರುಷಾನುವರುಷ ಕದಲಲಿಲ್ಲ. 2013ರಲ್ಲಿ, ಹತ್ತು ವರ್ಷದ ಬಾಲಕನೊಬ್ಬನ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಅದನ್ನು 30,000ಕ್ಕೆ ಏರಿಸಿ ಒಟ್ಟು 5 ಲಕ್ಷ ರೂಪಾಯಿಗಳನ್ನು ಕೊಡಿಸಿತು. ತಪ್ಪು ಯಾರದೆಂದು ಸಾಧಿಸದೆಯೇ ಮೃತರ ಕುಟುಂಬಕ್ಕೆ 5 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ ಎರಡೂವರೆ ಲಕ್ಷ ದೊರೆಯುವ ಏರ್ಪಾಡು 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ತ್ರಾಸಿಯ ಮನೆಗಳಿಗೆ ಅದು ತಡವಾಗಿತ್ತು.

ಈ ಹಕ್ಕನ್ನು ಪಡೆಯಲು ಪೊಲೀಸರ ವರದಿ, ಆಸ್ಪತ್ರೆಯ ಚೀಟಿಗಳು, ಔಷಧದ ರಸೀದಿಗಳು ಬೇಕು. ಶೋಕದಲ್ಲಿರುವ ಮನೆಯಲ್ಲಿ ಅವುಗಳನ್ನು ಜೋಡಿಸಿಡುವವರಾರು? ಹಣ ಕೊಡಲಾರದ ನೆರೆಯವನೂ ಈ ಕೆಲಸವನ್ನು ಮಾಡಬಲ್ಲನು. ವಕೀಲರಿಗೆ ತೆರಲು ಹಣವಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ಉಚಿತ ನೆರವು ದೊರೆಯುತ್ತದೆ. ಅದಕ್ಕೆ ಅರ್ಜಿ ಸಲ್ಲಿಸಬೇಕಾದ ತಾಲೂಕು ಸಮಿತಿಯು ಕುಂದಾಪುರದ ನ್ಯಾಯಾಲಯದಲ್ಲಿಯೇ ಇದೆ.