ಮುಯ್ಯಾಳಿನ ಲೆಕ್ಕ ಚುಕ್ತಾ ಮಾಡಬೇಡಿ

ನಮ್ಮದು ಬಬಲೇಶ್ವರ ಕಡೆಯ ಎರಿ ಹೊಲ. ಮಳೆ ಆಶ್ರಯದ ಒಕ್ಕಲುತನ. ವರ್ಷದ ಮಳೆ 600 ಮಿ.ಮೀ. ಒಳಗೆ. ಬಿಳಿಜೋಳ, ಕಡಲೆ, ಕುಸುಬೆ ನಮ್ಮ ಬೆಳೆ. ಇಂಥ ಹೊಲದಲ್ಲಿ ಒಬ್ಬಂಟಿಗ ಒಕ್ಕಲುತನ ನಡೆಯುವುದಿಲ್ಲ ಎಂಬುದನ್ನು ಹಿರಿಯರು ತಿಳಿದಿದ್ದರು. ಅದಕ್ಕೇ ಮುಯ್ಯಾಳು ಇಟ್ಟಿದ್ದರು. ಇವತ್ತು ನಾ ನಿನ್ನ ಹೊಲಕ್ಕೆ, ನಾಳೆ ನೀ ನನ್ನ ಹೊಲಕ್ಕೆ. ರೊಕ್ಕದ ಮಾತಿಲ್ಲ.

ಈಗ ಪಗಾರದ ಆಳು, ಬಾಡಿಗೆ ಟ್ರ್ಯಾಕ್ಟರ್ ಬಂದಿವೆ. ಕೃಷ್ಣೆಯ ನೀರು ಏತ ನೀರಾವರಿಯಿಂದ ನಮ್ಮ ಸುತ್ತಿನ ಕೆಲವು ಕೆರೆಗಳಿಗೂ ಬಂದಿದೆ. ತಿಕೋಟಾ ಕಡೆ ದ್ರಾಕ್ಷಿ ಪಡಗಳು, ಒಣದ್ರಾಕ್ಷಿ ಶೆಡ್ಡುಗಳು ಎದ್ದಿವೆ. ಒಳ್ಳೆಯದೇ ಆತು. ಆದರೆ ತಂತಿ ಬೇಲಿಯೂ ಎದ್ದಿತು. ಬಾಜು ಹೊಲದವನ ಮುಖ ನೋಡಿ ತಿಂಗಳಾಗಿರುತ್ತದೆ. ಇದನ್ನು ಸರಿಮಾಡಲು ದೊಡ್ಡ ಸಂಘ, ದೊಡ್ಡ ಸಭೆ ಬೇಡ. ದಿನದ ಕೆಲಸದಲ್ಲೇ ದಾರಿ ಇವೆ. ನಮ್ಮ ಓಣಿಯ ಐದು ಮನೆಯವರು ನಡೆಸುತ್ತಿರುವುದನ್ನು ಬರೆಯುತ್ತೇನೆ.

1. ಕೂಡಿ ಬಿತ್ತುವುದು

ಹಿಂಗಾರಿ ಜೋಳಕ್ಕೆ ಉತ್ತರಿ, ಹಸ್ತ ಮಳೆಗಳೇ ಆಧಾರ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಬಿತ್ತಿಗೆ. ಮಳೆ ಆದ ಮೇಲೆ ಎರಿಯಲ್ಲಿ ಕೆಲವು ದಿನ ಕಾಲಿಡಲು ಬರುವುದಿಲ್ಲ, ಆಮೇಲೆ ನೋಡನೋಡುವುದರೊಳಗೆ ಮೇಲಿನ ಹಸಿ ಆರುತ್ತದೆ. ನಡುವೆ ಸಿಗುವ ನಾಲ್ಕಾರು ದಿನಗಳಲ್ಲಿ ಬಿತ್ತಿದವನೇ ಜಾಣ. ಐದು ಮನೆ ಕೂಡಿದರೆ ಯಾವ ಹೊಲ ಮೊದಲು ಹದಕ್ಕೆ ಬಂತೋ ಅಲ್ಲಿಂದ ಶುರು ಮಾಡಬಹುದು. ಟ್ರ್ಯಾಕ್ಟರ್ ಹಚ್ಚುವುದಾದರೂ ಸರಿ, ಐದು ಹೊಲ ಒಂದೇ ಸಲಕ್ಕೆ ಬಿತ್ತಿದರೆ ಬಂದುಹೋಗುವ ಡೀಸೆಲ್ ಉಳಿಯುತ್ತದೆ.

ಇನ್ನೊಂದು ಲಾಭವಿದೆ. ಒಬ್ಬ ಮುಂದೆ, ಒಬ್ಬ ಹಿಂದೆ ಬಿತ್ತಿದರೆ ಸುಳಿ ನೊಣ ಮುಂದಿನ ಹೊಲದಲ್ಲಿ ಹೆಚ್ಚಾಗಿ ಹಿಂದಿನ ಎಳೆ ಬೆಳೆಗೆ ಬೀಳುತ್ತದೆ. ತೆನೆ ಹಾಲುಗಾಳಾದಾಗ ಒಂದೇ ಹೊಲವಿದ್ದರೆ ಹಕ್ಕಿಯೆಲ್ಲ ಅದಕ್ಕೇ ಎರಗುತ್ತವೆ. ಸುತ್ತಲಿನವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ಈ ಎರಡೂ ನಷ್ಟ ಹಂಚಿಹೋಗುತ್ತವೆ. ನೆರೆಯವನ ಬೆಳೆ ಚಲೋ ಇದ್ದರೆ ನನ್ನ ಬೆಳೆಗೂ ಕಾವಲು ಎಂದರೆ ಇದೇ.

2. ಬದುವಿನ ಮೇಲೆ ಕೂಡಿ ನಡೆಯುವುದು

ವಿಜಯಪುರದಲ್ಲಿ 1933ರಿಂದ ಒಣಬೇಸಾಯದ ಸಂಶೋಧನೆ ನಡೆದಿದೆ. ಚೌಕುಮಡಿ ಹಾಕಿ ಮುಂಗಾರಿ ನೀರನ್ನು ಹೊಲದಲ್ಲೇ ಇಂಗಿಸಿ ಹಿಂಗಾರಿ ಬಿತ್ತಬೇಕೆಂದು ಅಲ್ಲಿಯವರು ಹೇಳುತ್ತ ಬಂದಿದ್ದಾರೆ. ಮಾತು ಖರೆ. ಆದರೆ ಮೇಲಿನ ಹೊಲದವನು ಏನೂ ಮಾಡದೆ ಬಿಟ್ಟರೆ ಅವನ ನೀರೆಲ್ಲ ಒಮ್ಮೆಲೇ ಬಂದು ಕೆಳಗಿನವನ ಒಡ್ಡು ಒಡೆಯುತ್ತದೆ. ನೀರಿಗೆ ಪಹಣಿ ಗೊತ್ತಿಲ್ಲ.

ಅದಕ್ಕೆ ಜೂನ್ ತಿಂಗಳಲ್ಲಿ ಒಂದು ಮುಂಜಾನೆ ಮೇಲಿನವ, ಕೆಳಗಿನವ ಇಬ್ಬರೂ ಬದುವಿನ ಮೇಲೆ ಅಡ್ಡಾಡಬೇಕು. ಎಲ್ಲಿ ಕುಸಿದಿದೆ, ಹೆಚ್ಚಿನ ನೀರು ಎಲ್ಲಿಂದ ಹೊರಬೀಳಬೇಕು, ಅಲ್ಲಿ ಕಲ್ಲು ಯಾರು ಹಾಕುವುದು, ಇಷ್ಟನ್ನು ಅಲ್ಲೇ ಮಾತಾಡಿ ಮುಗಿಸಬೇಕು. ಒಡ್ಡು ಒಡೆದ ಮೇಲೆ ಆಡುವ ಮಾತು ಜಗಳವಾಗುತ್ತದೆ, ಮುಂಚೆ ಆಡಿದರೆ ಕೆಲಸವಾಗುತ್ತದೆ. ಗೇಣು ಬದುವಿಗಾಗಿ ಕೋರ್ಟ್ ಕಟ್ಟೆ ಹತ್ತಿದವರು ಎಲ್ಲ ಊರಲ್ಲೂ ಇದ್ದಾರೆ.

3. ಚರಗದ ದಿನ ಬೆಳೆ ನೋಡುವುದು

ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಉಂಡು ಮನೆಗೆ ಬಂದರೆ ಅರ್ಧ ಹಬ್ಬ ಅಷ್ಟೇ. ಊಟವಾದ ಮೇಲೆ ಐದೂ ಹೊಲ ಸುತ್ತಬೇಕು. ಯಾರ ಜೋಳ ಒಣಗುತ್ತಿದೆ, ಯಾರ ಕಡಲೆಗೆ ಕಾಯಿಕೊರಕ ಬಂದಿದೆ ಎಂದು ಹತ್ತು ಕಣ್ಣು ನೋಡಿದರೆ ಒಬ್ಬನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣುತ್ತದೆ. ಮುಂದಿನ ವರ್ಷದ ಬೀಜಕ್ಕೆ ಯಾರ ಹೊಲದ ತೆನೆ ಆರಿಸಬೇಕೆಂಬುದೂ ಅಂದೇ ಗೊತ್ತಾಗುತ್ತದೆ. ಹೊಲವಿಲ್ಲದ ಮನೆಯವರನ್ನೂ ಕರೆಯಬೇಕು. ಕಳೆ ತೆಗೆದ ಹೆಣ್ಣುಮಕ್ಕಳಿಗೆ ಬೆಳೆಯ ವಿಷಯ ನಮಗಿಂತ ಹೆಚ್ಚು ಗೊತ್ತಿರುತ್ತದೆ.

4. ಮನೆ ಹಿಡಿದು ಕುಳಿತವನನ್ನು ಎಬ್ಬಿಸುವುದು

2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಅಂಥ ವರ್ಷದಲ್ಲಿ ಬೆಳೆಯ ಜೋಡಿ ಮನುಷ್ಯನೂ ಒಣಗುತ್ತಾನೆ. ಕಟ್ಟೆಗೆ ಬರುವುದು ಬಿಡುತ್ತಾನೆ. ಸಂತೆಗೆ ಮಗನನ್ನು ಕಳಿಸುತ್ತಾನೆ. ಎತ್ತು ಮಾರಿದ ಸುದ್ದಿ ಬೇರೆಯವರಿಂದ ತಿಳಿಯುತ್ತದೆ. ಇವು ಗುರುತುಗಳು. ಗುರುತು ಕಂಡ ದಿನವೇ ಹೋಗಬೇಕು.

ಹೋದಾಗ ಮೊದಲಿಗೇ ಸಾಲದ ಮಾತು ತೆಗೆಯಬಾರದು. ಬುದ್ಧಿ ಹೇಳಲೂಬಾರದು. ಸಹಾಯ ಕೇಳಬೇಕು. "ಕಾಕಾ, ನಾಳಿ ಕಣಿಕಿ ಬಣವಿ ಒಟ್ಟೂದೈತಿ. ನಿಮ್ಮಂಗ ಒಟ್ಟಾಕ ಯಾರಿಗೂ ಬರೂದಿಲ್ಲ, ಬರ್ರಿ" ಎಂದು ಕರೆದರೆ ಮನುಷ್ಯ ಎದ್ದು ಬರುತ್ತಾನೆ. ಕೊಟ್ಟರೆ ತಲೆ ತಗ್ಗಿಸುವವನು ಕೇಳಿದರೆ ತಲೆ ಎತ್ತುತ್ತಾನೆ. ನಾಲ್ಕು ಜನರ ಜೋಡಿ ಬೆವರು ಸುರಿಸಿ, ಬುತ್ತಿ ಬಿಚ್ಚಿ ಉಂಡ ಮೇಲೆ ಸಾಲದ ಮಾತು ತಾನಾಗಿಯೇ ಬರುತ್ತದೆ. ಆಗ ಬ್ಯಾಂಕಿಗೆ ಅವನ ಜೋಡಿ ಒಬ್ಬರು ಹೋಗಬೇಕು. ಜೀವದ ಮೇಲೆ ಬೇಸರದ ಮಾತು ಆಡಿದರೆ ಆ ರಾತ್ರಿ ಒಬ್ಬನೇ ಬಿಡಬಾರದು, ಔಷಧದ ಡಬ್ಬಿ ಮನೆಯಿಂದ ದೂರ ಇಡಿಸಬೇಕು, ಡಾಕ್ಟರ ಹತ್ತಿರ ಕರೆದೊಯ್ಯಬೇಕು.

ಲೆಕ್ಕ ಇಡುವ ರೀತಿ

ನಮ್ಮಲ್ಲಿ ಜೋಡೆತ್ತಿನ ಒಂದು ದಿನಕ್ಕೆ ಆಳಿನ ಮೂರು ದಿನ ಹಿಡಿಯುತ್ತೇವೆ. ಗಂಡಾಳು, ಹೆಣ್ಣಾಳು ದಿನ ಸಮ. ಊಟ ಹೊಲದ ಮಾಲೀಕನದು. ಮುದುಕರಿರುವ ಮನೆಯವರು ದನ ಕಾಯ್ದು ಮುಯ್ಯಿ ತೀರಿಸಬಹುದು. ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ತಕರಾರಿಲ್ಲ.

ಆದರೆ ವರ್ಷದ ಕೊನೆಗೆ ಲೆಕ್ಕ ಪೂರಾ ಚುಕ್ತಾ ಮಾಡುವುದಿಲ್ಲ. ಒಂದೋ ಎರಡೋ ದಿನ ಬಾಕಿ ಉಳಿಸುತ್ತೇವೆ. ರೊಕ್ಕ ಕೊಟ್ಟರೆ ಅವನ ಹಾದಿ ಅವನಿಗೆ, ನನ್ನ ಹಾದಿ ನನಗೆ. ಬಾಕಿ ಇದ್ದರೆ ಅವನ ಬಾಗಿಲಿಗೆ ನಾ ಹೋಗಲೇಬೇಕು, ನನ್ನ ಬಾಗಿಲಿಗೆ ಅವ ಬರಲೇಬೇಕು.

ಐದು ಮನೆ ಸಿಗದಿದ್ದರೆ ಎರಡು ಮನೆಯಿಂದ ಶುರು ಮಾಡಿ. ಈ ಹಿಂಗಾರಿಗೇ ಆಗಲಿ. ಮೊದಲು ನೀವೇ ಅವರ ಹೊಲಕ್ಕೆ ಹೋಗಿ.