ನೋವೇ ಗೊತ್ತಾಗಲಿಲ್ಲ ಅಂದರೆ ಸುಳ್ಳಲ್ಲ

ದೀಪಾವಳಿ ಕಳೆದು ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬ ಶುರುವಾದರೆ ಒಂದು ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. ಹೋರಿಯ ಕೊರಳಿಗೆ ಕಟ್ಟಿದ ಕೊಬ್ಬರಿ ಹರಿಯಲು ಹೋದ ಹುಡುಗನ ತೊಡೆ ಗೇಣುದ್ದ ಸೀಳಿ, ಪ್ಯಾಂಟು ರಕ್ತಕ್ಕೆ ಅಂಟಿಕೊಂಡಿರುತ್ತದೆ. ಅವನು ಮಾತ್ರ ಕೈಯಲ್ಲಿ ಕೊಬ್ಬರಿ ಹಿಡಿದು, "ಆಗ ಏನೂ ಗೊತ್ತೇ ಆಗ್ಲಿಲ್ಲ ಸಾರ್, ಚಾ ಕುಡಿಯೋಕೆ ಕೂತಾಗ ಉರಿ ಹತ್ತಿತು" ಅನ್ನುತ್ತಾನೆ. "ಬೈತೀನಿ ಅಂತ ಸುಳ್ಳು ಹೇಳ್ತಾನೆ" ಎಂದು ತಾಯಿ ಸಿಡುಕುತ್ತಾರೆ. ಸುಳ್ಳಲ್ಲ ತಾಯಿ.

ಈ ಹುಡುಗನನ್ನು ನೆನೆಸಿಕೊಂಡದ್ದು ಬೇರೊಂದು ಮನೆಯ ಮಾತಿಗೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಬಂದವರು ರೈತ ದಂಪತಿ; ಅವರಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ 27ರ ಮಗ. ಅವನ ಮುಂಗೈ ಮೇಲೆ ಹಗ್ಗದ ಗುರುತು ಕಂಡು ಕೇಳಿದರೆ, ತಾನೂ ಗೆಳತಿಯೂ ಒಪ್ಪಿಕೊಂಡು ಕಟ್ಟಿಸಿಕೊಳ್ಳುವುದು, ಏಟು ತಿನ್ನುವುದು ಮಾಡುತ್ತೇವೆ ಎಂದನಂತೆ. ಪೇಟೆಯವರು ಬಿಡಿಎಸ್‌ಎಂ ಅನ್ನುವುದು ಇದಕ್ಕೇ. "ಆಮೇಲೆ ತೇಲಿದ ಹಾಗಾಗುತ್ತೆ ಅಂತಾನೆ. ತಲೆ ಕೆಟ್ಟಿದೆಯಾ?" ತಾಯಿ ಕಣ್ಣೊರೆಸಿಕೊಂಡರು.

ವೀರಭದ್ರನ ಗುಗ್ಗಳದಲ್ಲಿ ಪುರವಂತರು ಒಡಪು ಹೇಳುತ್ತ ಕೆನ್ನೆಗೆ ಶಸ್ತ್ರ ಹಾಕಿಸಿಕೊಳ್ಳುವುದನ್ನು ನೋಡಿದ್ದೀರಲ್ಲ ಎಂದೆ. "ಅದು ದೇವರ ಕೆಲಸ" ಎಂದರು ತಂದೆ, ತುಸು ಗಡುಸಾಗಿಯೇ. ಒಪ್ಪಿದೆ. ಭಕ್ತಿಯನ್ನೂ ಮಂಚವನ್ನೂ ಒಂದೇ ತಕ್ಕಡಿಗೆ ಹಾಕುವ ಉದ್ದೇಶ ನನಗಿಲ್ಲ. ಆದರೆ ದೇಹ ಒಂದೇ. ನೋವು ಮತ್ತು ಉದ್ವೇಗ ಒಟ್ಟಿಗೆ ಏರಿದಾಗ ಅಡ್ರಿನಲಿನ್ ನುಗ್ಗುತ್ತದೆ, ಮಿದುಳು ತನ್ನದೇ ಅಫೀಮಿನಂಥ ರಸ ಸುರಿಸುತ್ತದೆ. ಈ ಬಗೆಯ ಮೊದಲ ರಸವನ್ನು ಸ್ಕಾಟ್‌ಲೆಂಡಿನ ಆಬರ್ಡೀನ್‌ನ ವಿಜ್ಞಾನಿಗಳು 1975ರಲ್ಲಿ ಗುರುತಿಸಿದರು. ಆಗ ನೋವು ಮಂಕಾಗುತ್ತದೆ, ಗಮನ ಒಂದೇ ಕಡೆ ನಿಲ್ಲುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಕೆಲವರಿಗೆ ಮಾತೇ ಹೊರಡುವುದಿಲ್ಲ.

ಅಪಾಯ ಇರುವುದೂ ಅಲ್ಲೇ. ಮೈಮರೆತವನು "ಇನ್ನೂ ಆಗುತ್ತೆ" ಅಂದರೆ ಆ ಮಾತನ್ನು ನೆಚ್ಚಲಾಗದು. ಸಾಕು ಅನ್ನುವ ಶಕ್ತಿಯೇ ಆಗ ಕುಂದಿರುತ್ತದೆ. ಎಲ್ಲಿಯವರೆಗೆ, ಯಾವ ಸನ್ನೆಗೆ ನಿಲ್ಲಿಸಬೇಕು ಎಂಬುದು ತಲೆ ನೆಟ್ಟಗಿರುವಾಗಲೇ ತೀರ್ಮಾನವಾಗಿರಬೇಕು. ಎದುರಿನವರು ಪೂರ್ತಿ ಎಚ್ಚರವಿರಬೇಕು, ಕುಡಿದಿರಬಾರದು. ಬೆರಳು ಜುಮುಗುಟ್ಟಿದರೆ ನರ ಒತ್ತಿರಬಹುದು, ಹಗ್ಗ ತಕ್ಷಣ ಬಿಚ್ಚಬೇಕು. ಕುತ್ತಿಗೆ ಅದುಮುವುದಕ್ಕೆ ಸುರಕ್ಷಿತ ವಿಧಾನವೇ ಇಲ್ಲ. ಈ ಒಂದು ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಏರಿದ್ದು ಇಳಿಯುವಾಗ ಕೆಲವರಿಗೆ ನಡುಕ, ಅಳು, ಮಾರನೇ ದಿನ ಕಾರಣವಿಲ್ಲದ ಬೇಸರ. ಮೈಮೇಲೆ ಬಂದ ದೇವರು ಇಳಿದ ಮೇಲೆ ನಮ್ಮ ಜನ ಏನು ಮಾಡುತ್ತಾರೆ? ತೋಳು ಹಿಡಿದು ಕೂರಿಸಿ, ನೀರು ಕುಡಿಸಿ, ಗಾಳಿ ಹಾಕುತ್ತಾರೆ. ಇಲ್ಲೂ ಬೇಕಾದ್ದು ಹೆಚ್ಚುಕಡಿಮೆ ಅದೇ: ಹೊದಿಕೆ, ನೀರು, ಬಳಿಯಲ್ಲೊಂದು ಜೀವ.

ಹಾಗೆಂದು 'ಒಪ್ಪಿಗೆ' ಎಂದ ಮಾತ್ರಕ್ಕೆ ಎಲ್ಲವೂ ಸರಿಯಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿ ನೆನಪಿದೆಯೆ? ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡಿಗೆ ಬೆತ್ತಲೆಯಾಗಿ ಹೋಗುವ ಹರಕೆ ಅಲ್ಲಿತ್ತು. 1986ರಲ್ಲಿ ತಡೆಯಲು ಹೋದ ಕಾರ್ಯಕರ್ತರ, ಪೊಲೀಸರ ಮೇಲೆ ಗುಂಪು ತಿರುಗಿಬಿತ್ತು. ಬಳಿಕ ಸರ್ಕಾರ ಅದನ್ನು ನಿಷೇಧಿಸಿತು. ಆವೇಶದಲ್ಲಿ ಓಡಿದ ಹೆಣ್ಣುಮಗಳು ಒಪ್ಪಿಯೇ ಬಂದಿದ್ದಳು ಎಂದು ವಾದಿಸಿದವರಿದ್ದರು. ಮನೆಯವರು ಹೊತ್ತ ಹರಕೆ, ದೇವಿ ಮುನಿದಾಳೆಂಬ ಹೆದರಿಕೆ, ಬಡತನ ಇವುಗಳ ನಡುವೆ ಅವಳಿಗೆ 'ಒಲ್ಲೆ' ಅನ್ನುವ ದಾರಿಯಿತ್ತೆ? ನಿಮ್ಮ ಮಗನ, ಮಗಳ ವಿಷಯದಲ್ಲೂ ನಾನು ಹುಡುಕುವುದು ಆ ದಾರಿಯನ್ನೇ. ಬೇಡ ಎಂದರೆ ಎದುರಿನವರು ಮುನಿಯುತ್ತಾರೆಯೆ? ದುಡ್ಡು, ಫೋಟೊ, ಫೋನು ಯಾರ ಕೈಯಲ್ಲಿದೆ? ಸ್ನೇಹಿತರನ್ನು ಬಿಡಿಸಿದ್ದಾರೆಯೆ? ಹೌದಾದರೆ ಅದು ಆಟವಲ್ಲ, ದೌರ್ಜನ್ಯ.

18 ತುಂಬದವರಿಗೆ ಈ ಚರ್ಚೆಯೇ ಅನ್ವಯಿಸದು. ಅವರ ಒಪ್ಪಿಗೆಯನ್ನು 2012ರ ಪೋಕ್ಸೊ ಕಾಯ್ದೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಥದ್ದು ಕಂಡರೆ ದೂರು ಕೊಡಬೇಕು. ವಯಸ್ಕರು ಮನಸಾರೆ ಒಪ್ಪಿ ಮಾಡುವುದನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿ ಅಷ್ಟಕ್ಕೇ ಕಾಯಿಲೆ ಎನ್ನುವುದಿಲ್ಲ. ಬೇಸರ ವಾರಗಟ್ಟಲೆ ಎಳೆದರೆ, ನೋವಿಲ್ಲದೆ ದಿನ ದೂಡಲಾರೆ ಅನ್ನಿಸಿದರೆ ಮನೋವೈದ್ಯರನ್ನು ಕಾಣಲಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಪುಕ್ಕಟೆ ಮಾತಾಡುತ್ತಾರೆ.

ತಾಯಿ ಅಳು ನಿಲ್ಲಿಸಿದ್ದರು. ತಂದೆ ಬಾಗಿಲ ತನಕ ಹೋಗಿ, ತಿರುಗಿ, ದನಿ ತಗ್ಗಿಸಿ ಕೇಳಿದರು: "ಸಾರ್, ಹೋರಿ ಕಟ್ಟುವಾಗ ನಾವು ಎಳೆದರೆ ಬಿಚ್ಚೋ ಗಂಟೇ ಹಾಕೋದು. ಆ ಹುಡುಗಿಗೆ ಅದು ಬರುತ್ತೋ ಇಲ್ವೋ?"